ರಿಪೋರ್ಟಿನಲ್ಲಿ ಕೋಡ್: ಬಣ್ಣಕ್ಕೆ ಮೊದಲು ಅಗಲ

ಸುರತ್ಕಲ್‌ನಿಂದ ಮಣಿಪಾಲದವರೆಗೆ ಇಂಜಿನಿಯರಿಂಗ್ ಪ್ರಾಜೆಕ್ಟ್ ರಿಪೋರ್ಟು ಕೊನೆಗೆ ಹೋಗುವುದು ಜೆರಾಕ್ಸ್ ಅಂಗಡಿಗೆ, ಅಲ್ಲಿಂದ ಬೈಂಡಿಂಗಿಗೆ. ಪರದೆಯ ಮೇಲೆ ಚೆಂದ ಕಂಡ ಕೋಡ್ ಕೆಡುವುದೂ ಹೆಚ್ಚಾಗಿ ಅಲ್ಲಿಯೇ. ಎಡಿಟರಿನ ಕಪ್ಪು ಹಿನ್ನೆಲೆಯ ಸ್ಕ್ರೀನ್‌ಶಾಟ್ ಅಂಟಿಸಿದರೆ ಟೋನರ್ ದಂಡ, ಅಕ್ಷರ ಮಸುಕು, ಒಂದು ಸಾಲನ್ನೂ ಕಾಪಿ ಮಾಡಿಕೊಳ್ಳಲಾಗದು. ಅದನ್ನು ಬಿಡಿ. ಪುಟ ಜೋಡಿಸುವ ತಂತ್ರಾಂಶ ಲೇಟೆಕ್‌ನಲ್ಲಿ (LaTeX) ಕೋಡ್ ಅಚ್ಚುಮಾಡಲೆಂದೇ ಇರುವ ಲಿಸ್ಟಿಂಗ್ಸ್ (listings) ಪ್ಯಾಕೇಜ್ ಬಳಸಿ.

ಮೊದಲು ಲೆಕ್ಕ. ಎ4 ಹಾಳೆಯ ಅಗಲ 210 ಮಿ.ಮೀ. ಬೈಂಡಿಂಗಿಗೆಂದು ಎಡಕ್ಕೆ 1.5 ಇಂಚು, ಬಲಕ್ಕೆ 1 ಇಂಚು ಬಿಟ್ಟರೆ ಬರೆಯಲು ಉಳಿಯುವುದು ಸುಮಾರು 146 ಮಿ.ಮೀ., ಅಂದರೆ 416 ಪಾಯಿಂಟ್. ಲೇಟೆಕ್‌ನ ಮಾಮೂಲಿ ಟೈಪ್‌ರೈಟರ್ ಫಾಂಟಿನಲ್ಲಿ 10 ಪಾಯಿಂಟಿಗೆ ಒಂದು ಅಕ್ಷರದ ಅಗಲ 5.25 ಪಾಯಿಂಟ್. ಹಾಗಾಗಿ ಸಾಲಿಗೆ 79 ಅಕ್ಷರ. ಪೈಥಾನ್ ಕೋಡ್ ಬರೆಯುವ ಶೈಲಿಯ ಪೆಪ್ 8 ನಿಯಮ ಹೇಳುವ ಮಿತಿಯೂ 79. ಕಾಕತಾಳೀಯವೇ ಆದರೂ ಅನುಕೂಲ! ಪಠ್ಯ 12 ಪಾಯಿಂಟಿನಲ್ಲಿದ್ದರೆ ಕೋಡಿಗೆ ಲೇಟೆಕ್‌ನ 'ಸ್ಮಾಲ್' ಅಳತೆ ಸಾಲದು, ಅದು 10.95 ಪಾಯಿಂಟ್. 'ಫುಟ್‌ನೋಟ್‌ಸೈಜ್' ಕೊಟ್ಟಾಗಲೇ 10 ಸಿಗುತ್ತದೆ. 'ಸ್ಕ್ರಿಪ್ಟ್‌ಸೈಜ್' 8 ಪಾಯಿಂಟ್; 98 ಅಕ್ಷರ ಹಿಡಿಯುತ್ತದೆ ನಿಜ, ಆದರೆ ಓದುವ ಗೈಡಿನ ಕನ್ನಡಕವನ್ನೂ ನೆನೆಯಿರಿ.

ಇನ್ನು ಲಿಸ್ಟಿಂಗ್ಸ್‌ನ ಸೆಟ್ಟಿಂಗುಗಳು. ಎಲ್ಲವನ್ನೂ ಪ್ರಿಯಾಂಬಲ್‌ನಲ್ಲಿ, ಅಂದರೆ ಪಠ್ಯ ಶುರುವಾಗುವ ಮೊದಲಿನ ಭಾಗದಲ್ಲಿ, 'ಎಲ್‌ಎಸ್‌ಟಿಸೆಟ್' (lstset) ಒಳಗೆ ಒಮ್ಮೆ ಬರೆದಿಡಿ. 'ಬೇಸಿಕ್‌ಸ್ಟೈಲ್'ನಲ್ಲಿ ಟೈಪ್‌ರೈಟರ್ ಫಾಂಟನ್ನು ನೀವೇ ಹೇಳಬೇಕು, ಇಲ್ಲದಿದ್ದರೆ ಕೋಡ್ ಪಠ್ಯದ ಫಾಂಟಿನಲ್ಲೇ ಬರುತ್ತದೆ. ಹೇಳಿದ ಮೇಲೂ ಅಕ್ಷರಗಳ ನಡುವೆ ಸಂದು ಬಿದ್ದಂತೆ ಕಾಣುವುದಕ್ಕೆ ಕಾರಣ 'ಬೇಸ್‌ವಿಡ್ತ್', ಅಂದರೆ ಒಂದೊಂದು ಅಕ್ಷರಕ್ಕೆ ಮೀಸಲಿಡುವ ಅಗಲ. ಅದು ತಾನಾಗಿ 0.6 ಎಮ್ ಇರುತ್ತದೆ. ಎಮ್ ಎಂದರೆ ಫಾಂಟಿನಿಂದ ಫಾಂಟಿಗೆ ಬದಲಾಗುವ ಅಳತೆ, ಈ ಫಾಂಟಿನ ಎಮ್ 10.5 ಪಾಯಿಂಟ್. ಹೀಗೆ ಅಕ್ಷರಕ್ಕೆ 6.3 ಪಾಯಿಂಟ್ ಹೋಗಿ, 79 ಹಿಡಿಯುವಲ್ಲಿ 66ಕ್ಕೇ ಸಾಲು ತುಂಬುತ್ತದೆ. 0.5 ಎಮ್ ಮಾಡಿ, ಸರಿಯಾಗಿ 5.25 ಬರುತ್ತದೆ.

ಅಕ್ಷರಗಳನ್ನು ಹೇಗೆ ಜೋಡಿಸಬೇಕೆಂದು ಹೇಳುವ 'ಕಾಲಮ್ಸ್' ಆಯ್ಕೆ ಮಾತ್ರ ಉದ್ದೇಶ ನೋಡಿ ತೀರ್ಮಾನಿಸುವಂಥದ್ದು. ಮುದ್ರಣಕ್ಕಾದರೆ 'ಫಿಕ್ಸ್ಡ್' ಒಳ್ಳೆಯದು, ಸಾಲಿನಿಂದ ಸಾಲಿಗೆ ಅಕ್ಷರ ನೇರ ನಿಲ್ಲುತ್ತದೆ. ಆದರೆ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಪದಗಳ ನಡುವೆ ಬೇಡದ ಸ್ಪೇಸ್ ನುಸುಳುತ್ತದೆ. ವಿದ್ಯಾರ್ಥಿಗಳು ಕಾಪಿ ಮಾಡಿ ರನ್ ಮಾಡುವ ಲ್ಯಾಬ್ ಮ್ಯಾನ್ಯುಯಲ್ ಆದರೆ 'ಫುಲ್‌ಫ್ಲೆಕ್ಸಿಬಲ್' ಇಟ್ಟು ಜತೆಗೆ 'ಕೀಪ್‌ಸ್ಪೇಸಸ್' ಆನ್ ಮಾಡಿ. 'ಅಪ್‌ಕೋಟ್' ಕೂಡ ಬೇಕು. ಇಲ್ಲದಿದ್ದರೆ ನೇರ ಉದ್ಧರಣ ಚಿಹ್ನೆ ಬಾಗಿದ್ದಾಗಿ ಕಾಪಿಯಾಗಿ, ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. 2020ಕ್ಕಿಂತ ಹಳೆಯ ಲೇಟೆಕ್ ಆದರೆ ಅದಕ್ಕೆ ಟೆಕ್ಸ್ಟ್‌ಕಾಂಪ್ ಪ್ಯಾಕೇಜ್ ಸೇರಿಸಿಕೊಳ್ಳಿ.

ಸ್ಟ್ರಿಂಗಿನೊಳಗೆ ಸ್ಪೇಸ್ ಇದ್ದಲ್ಲೆಲ್ಲ ಸಣ್ಣ ತೊಟ್ಟಿಲಿನಂಥ ಗುರುತು ಕಂಡರೆ 'ಶೋಸ್ಟ್ರಿಂಗ್‌ಸ್ಪೇಸಸ್' ಆಫ್ ಮಾಡಿ. 'ಟ್ಯಾಬ್‌ಸೈಜ್' ತಾನಾಗಿ 8, ಅದನ್ನು 4 ಮಾಡಿ.

ಉದ್ದ ಸಾಲು ಮಾರ್ಜಿನ್ ದಾಟಿ ಹೋಗದಿರಲು 'ಬ್ರೇಕ್‌ಲೈನ್ಸ್' ಆನ್ ಇರಲಿ. ಆದರೆ ಪೈಥಾನ್‌ನಲ್ಲಿ ಒಡೆದ ಸಾಲು ಹೊಸ ಹೇಳಿಕೆಯಂತೆ ಕಂಡು ಓದುವವರನ್ನು ದಾರಿ ತಪ್ಪಿಸುತ್ತದೆ, ಹಾಗಾಗಿ 'ಪೋಸ್ಟ್‌ಬ್ರೇಕ್'ನಲ್ಲಿ ಬಾಗಿದ ಬಾಣದ ಗುರುತು ಹಾಕಿ. ಒಂದು ಪುಟದಲ್ಲಿ ಮೂರಕ್ಕಿಂತ ಹೆಚ್ಚು ಬಾಣ ಕಂಡರೆ ಮೂಲ ಕೋಡನ್ನೇ ಕೈಯಿಂದ ಮಡಚುವುದು ಲೇಸು.

ಲೈನ್ ನಂಬರುಗಳು ಎಡಕ್ಕೆ, ಪಠ್ಯದ ಅಂಚಿನಿಂದ ಹೊರಗೆ ಬೀಳುತ್ತವೆ. ಹಾರ್ಡ್ ಬೈಂಡಿಂಗ್ ನುಂಗುವುದು ಅದೇ ಜಾಗವನ್ನು, ಸ್ಪೈರಲ್ ಆದರೆ ರಂಧ್ರ ಬೀಳುವುದೂ ಆ ಕಡೆಗೇ. 'ಎಕ್ಸ್‌ಲೆಫ್ಟ್‌ಮಾರ್ಜಿನ್' 20 ಪಾಯಿಂಟ್ ಕೊಟ್ಟರೆ ನಂಬರುಗಳು ಒಳಗೆ ಬರುತ್ತವೆ. ಸಾಲಿನ ಮಿತಿ ಆಗ 75ಕ್ಕೆ ಇಳಿಯುತ್ತದೆ.

ಈಗ ಬಣ್ಣ. ಕಲರ್ ಪ್ರಿಂಟಿನ ಖರ್ಚು ಬೇಡವೆಂದು ಕಪ್ಪು-ಬಿಳುಪು ತೆಗೆಸಿದರೆ ಹಳದಿ, ತಿಳಿ ಹಸಿರು ಕಾಣೆಯಾಗುತ್ತವೆ. ಕೀವರ್ಡಿಗೆ ಬೋಲ್ಡ್, ಕಮೆಂಟಿಗೆ ಇಟಾಲಿಕ್ ಸಾಕು. ಎಡವುವುದೂ ಇಲ್ಲೇ ಮಾರಾಯ್ರೆ: ಮಾಮೂಲಿ ಟೈಪ್‌ರೈಟರ್ ಫಾಂಟಿಗೆ ಬೋಲ್ಡ್ ರೂಪವೇ ಇಲ್ಲ. ಸೆಟ್ಟಿಂಗ್ ಸರಿಯಿದ್ದರೂ ಕೀವರ್ಡ್ ತೆಳ್ಳಗೇ ಉಳಿಯುತ್ತದೆ, ಇಟಾಲಿಕ್ ಮಾತ್ರ ಬರುತ್ತದೆ. ಬೇರಾ ಮೋನೊ ಫಾಂಟನ್ನು ಟಿ1 ಎನ್‌ಕೋಡಿಂಗಿನೊಂದಿಗೆ, 'ಸ್ಕೇಲ್ಡ್' 0.85 ಕೊಟ್ಟು ಸೇರಿಸಿ. ಇದಕ್ಕೆ 'ಬೇಸ್‌ವಿಡ್ತ್' ಮತ್ತೆ 0.6 ಎಮ್, 0.5ರಲ್ಲೇ ಬಿಟ್ಟರೆ ಅಕ್ಷರಗಳು ಒಂದರ ಮೇಲೊಂದು ಏರುತ್ತವೆ.

ಕೋಡನ್ನು ರಿಪೋರ್ಟಿನ ಫೈಲಿಗೆ ಅಂಟಿಸುವ ಬದಲು 'ಎಲ್‌ಎಸ್‌ಟಿಇನ್‌ಪುಟ್‌ಲಿಸ್ಟಿಂಗ್' ಮೂಲಕ ಮೂಲ ಫೈಲಿನಿಂದಲೇ ಎಳೆದುಕೊಳ್ಳಿ. 'ಫಸ್ಟ್‌ಲೈನ್', 'ಲಾಸ್ಟ್‌ಲೈನ್' ಕೊಟ್ಟು ಬೇಕಾದ ಭಾಗ ಮಾತ್ರ ತರಬಹುದು. ಆದರೆ ಮೇಲೆಲ್ಲೋ ಎರಡು ಸಾಲು ಸೇರಿಸಿದ ದಿನ ಎಲ್ಲ ಸರಿದುಹೋಗುತ್ತದೆ. ಕೋಡಿನ ಕಮೆಂಟುಗಳಲ್ಲಿ ಆರಂಭ, ಕೊನೆಯ ಗುರುತು ಬರೆದು 'ಲೈನ್‌ರೇಂಜ್'ಗೆ ಆ ಹೆಸರುಗಳನ್ನೇ ಕೊಡುವುದು ಗಟ್ಟಿ ದಾರಿ. ಗುರುತಿನ ಸಾಲು ಪುಟದಲ್ಲಿ ಕಾಣದಂತೆ 'ಇನ್‌ಕ್ಲೂಡ್‌ರೇಂಜ್‌ಮಾರ್ಕರ್' ಆಫ್ ಮಾಡಿ. ಜಾಗ ಸಿಕ್ಕಲ್ಲಿಗೆ ಇಡೀ ತುಂಡನ್ನು ಸರಿಸುವ 'ಫ್ಲೋಟ್' ಅನ್ನು ಒಂದು ಪುಟ ಮೀರುವ ಕೋಡಿಗೆ ಕೊಡಬೇಡಿ. ಫ್ಲೋಟ್ ಪುಟದಿಂದ ಪುಟಕ್ಕೆ ಒಡೆಯುವುದಿಲ್ಲ, ಉಳಿದ ಸಾಲುಗಳು ಕಾಗದದ ಕೆಳಗೆ ಬಿದ್ದುಹೋಗುತ್ತವೆ.

ಕನ್ನಡ ಕಮೆಂಟು ಇದ್ದರೆ ಬೇರೆಯೇ ತಲೆನೋವು. ಮಲ್ಪೆ ಬಂದರಿನ ಬೋಟುಗಳ ಲೆಕ್ಕದ ಪ್ರೋಗ್ರಾಮಿನಲ್ಲಿ 'ಬೋಟು ಬಂದ ಹೊತ್ತು' ಎಂದು ಬರೆದಿದ್ದೀರಿ ಎನ್ನಿ. ಲಿಸ್ಟಿಂಗ್ಸ್ ಮಾಡಿದ್ದು ಒಂದು ಬೈಟಿನ ಅಕ್ಷರಗಳಿಗಾಗಿ. ಲೇಟೆಕ್ ಫೈಲನ್ನು ಪಿಡಿಎಫ್ ಮಾಡುವ ಪಿಡಿಎಫ್‌ಲೇಟೆಕ್‌ನಲ್ಲಿ (pdfLaTeX) ಎರರ್ ಬರುತ್ತದೆ, ಅದೇ ಕೆಲಸದ ಝೀಲೇಟೆಕ್‌ನಲ್ಲಿ (XeLaTeX) ಅಕ್ಷರಗಳು ಸ್ಥಾನ ಪಲ್ಲಟವಾಗುತ್ತವೆ. ಝೀಲೇಟೆಕ್ ಇಟ್ಟುಕೊಂಡು, ಫಾಂಟ್‌ಸ್ಪೆಕ್ ಪ್ಯಾಕೇಜಿನ ಮೂಲಕ ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು 'ಸ್ಕ್ರಿಪ್ಟ್' ಕನ್ನಡ ಎಂದು ಹೇಳಿಯೇ ಕರೆಯಿರಿ. ಅದು ಬಿಟ್ಟುಹೋದರೆ 'ಹೊತ್ತು'ವಿನ ಒತ್ತು ಕೂಡದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಬಳಿಕ 'ಎಸ್ಕೇಪ್‌ಇನ್‌ಸೈಡ್'ನಲ್ಲಿ ಒಂದು ಜೋಡಿ ಗುರುತು ಗೊತ್ತುಮಾಡಿ, ಕನ್ನಡ ಮಾತನ್ನು ಅದರೊಳಗಿಡಿ. ಗುರುತು ಕಮೆಂಟಿನ ಒಳಗೇ ಇರುವುದರಿಂದ ಪ್ರೋಗ್ರಾಮಿಗೆ ಏನೂ ಆಗದು.

ಲಿಸ್ಟಿಂಗ್ಸ್ ಬದಲು ಮಿಂಟೆಡ್ (minted) ಪ್ಯಾಕೇಜ್ ಬಳಸಬಾರದೇ ಎಂದು ಕೇಳುವವರಿದ್ದಾರೆ. ಬಳಸಬಹುದು, ಕೋಡಿಗೆ ಬಣ್ಣ ಹಚ್ಚುವ ಪೈಥಾನ್‌ನ ಪಿಗ್ಮೆಂಟ್ಸ್ (Pygments) ಅದರ ಹಿಂದಿರುವುದರಿಂದ ಭಾಷೆಗಳನ್ನು ಅದು ಹೆಚ್ಚು ಚೆನ್ನಾಗಿ ಗುರುತಿಸುತ್ತದೆ. ಆದರೆ 3ಕ್ಕಿಂತ ಹಿಂದಿನ ಆವೃತ್ತಿಗಳಿಗೆ 'ಶೆಲ್ ಎಸ್ಕೇಪ್', ಅಂದರೆ ಬೇರೆ ಪ್ರೋಗ್ರಾಮನ್ನು ಓಡಿಸುವ ಅನುಮತಿ, ಕೊಟ್ಟೇ ಕಂಪೈಲ್ ಮಾಡಬೇಕು. ಕಾಲೇಜು ಲ್ಯಾಬಿನ ಕಂಪ್ಯೂಟರಿನಲ್ಲಿ ಪಿಗ್ಮೆಂಟ್ಸ್ ಹಾಕಿಕೊಳ್ಳಲು ಅನುಮತಿ ಇಲ್ಲದಿದ್ದರೆ ಸಬ್ಮಿಷನ್ನಿನ ಹಿಂದಿನ ದಿನ ಅದನ್ನು ಹೊಸದಾಗಿ ಕಲಿಯಲು ಹೋಗಬೇಡಿ.

ಪೂರ್ತಿ ರಿಪೋರ್ಟು ಪ್ರಿಂಟಿಗೆ ಕೊಡುವ ಮುನ್ನ ಅತಿ ಉದ್ದ ಸಾಲಿರುವ ಒಂದೇ ಪುಟವನ್ನು ಕಪ್ಪು-ಬಿಳುಪಿನಲ್ಲಿ ತೆಗೆಸಿ. ಪ್ರಿಂಟ್ ಡೈಲಾಗಿನಲ್ಲಿ 'ಫಿಟ್ ಟು ಪೇಜ್' ಬದಲು 'ಆಕ್ಚುವಲ್ ಸೈಜ್' ಇರಲೆಂದು ಅಂಗಡಿಯವರಿಗೆ ಹೇಳಿ. ಎಡ ಅಂಚಿನಿಂದ ಲೈನ್ ನಂಬರಿನವರೆಗೆ ಸ್ಕೇಲ್ ಇಟ್ಟು ಅಳೆಯಿರಿ: 38 ಮಿ.ಮೀ.ಗಿಂತ ಕಡಿಮೆ ಬಂದರೆ 'ಎಕ್ಸ್‌ಲೆಫ್ಟ್‌ಮಾರ್ಜಿನ್' ಇನ್ನಷ್ಟು ಏರಿಸಿ.