ಬಾಡಿಗೆ ಮನೆಯಲ್ಲಿ ಬಂಗಾಳಿ ಸರಸ್ವತಿ ಪೂಜೆ
ಮಾಘ ಶುಕ್ಲ ಪಂಚಮಿಯ ಸರಸ್ವತಿ ಪೂಜೆಯನ್ನು, ಕೋಲ್ಕತ್ತದಿಂದ ಬಂದು ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವವರೂ ಸರಳವಾಗಿ ಮಾಡಬಹುದು. ಮಣ್ಣಿನ ಮೂರ್ತಿ ಸಿಗದಿದ್ದರೆ ಪಟ ಸಾಕು. ಹಳದಿ ಬಟ್ಟೆ ಹಾಸಿದ ಮಣೆಯ ಮೇಲೆ ಅದನ್ನಿರಿಸಿ, ಮುಂದೆ ಪುಸ್ತಕಗಳನ್ನೂ, ಹಾಲು ತುಂಬಿದ ಮಸಿಕುಡಿಕೆಯಲ್ಲಿ ಜೊಂಡಿನ ಲೇಖನಿಯನ್ನೂ ಇಡಬೇಕು. ಅಂದು ಓದುಬರಹ ಮಾಡುವಂತಿಲ್ಲವಾದ್ದರಿಂದ, ವಿದ್ಯಾರ್ಥಿಗಳು ಕಷ್ಟವೆನಿಸುವ ವಿಷಯದ ಪುಸ್ತಕವನ್ನೇ ಮೊದಲು ತಂದಿಡುತ್ತಾರೆ. ಮುತ್ತುಗದ ಹೂವು ದೊರೆಯದಿದ್ದರೆ ಚೆಂಡುಹೂವನ್ನು ಬಳಸಬಹುದು. ಪುಷ್ಪಾಂಜಲಿ ಮುಗಿಯುವವರೆಗೆ ಉಪವಾಸವಿರಬೇಕು, ಮತ್ತು ಆ ಋತುವಿನ ಬೋರೆಹಣ್ಣನ್ನು ದೇವಿಗೆ ಅರ್ಪಿಸುವ ಮೊದಲು ತಿನ್ನಬಾರದು. ಓದುಬರಹದ ಈ ನಿಷೇಧಕ್ಕೆ ಅಪವಾದವಾಗಿ, ಪುಟ್ಟ ಮಕ್ಕಳಿದ್ದರೆ, ಸ್ಲೇಟಿನ ಮೇಲೆ ಮೊದಲ ಅಕ್ಷರವನ್ನು ಅಂದೇ ಬರೆಸುತ್ತಾರೆ. ಪ್ರಸಾದದ ಖಿಚುರಿಗೆ (ಬಂಗಾಳಿ ಖಿಚಡಿ) ಹೆಸರುಬೇಳೆಯನ್ನು ಘಮ ಬರುವವರೆಗೆ ಹುರಿಯುವುದೇ ಮುಖ್ಯ. ಬಂಗಾಳದ ಪರಿಮಳದ ಸಣ್ಣಕ್ಕಿಯಾದ ಗೋಬಿಂದೊಭೋಗ್ ಬದಲಿಗೆ ನಮ್ಮ ಜೀರಿಗೆ ಸಣ್ಣಕ್ಕಿ ಚೆನ್ನಾಗಿ ಹೊಂದುತ್ತದೆ, ಆದರೆ ಈರುಳ್ಳಿ, ಬೆಳ್ಳುಳ್ಳಿ ಸೇರಿಸಬಾರದು.