ಬಂಡೆ ಮುಟ್ಟಿ ನೋಡಿ, ಆಮೇಲೆ ಟೆಂಟ್ ಹಾಕಿ: ನಾಯಿ ಜೊತೆ ಆನೆಗೊಂದಿಗೆ ಹೊರಡುವವರಿಗೆ

ಎರಡು ವರ್ಷದ ಹಿಂದೆ, ಮಾರ್ಚ್ ಎರಡನೇ ವಾರ. ನಮ್ಮ ಕರಿಯನನ್ನು ಕಾರಿನ ಹಿಂದಿನ ಸೀಟಿಗೆ ಹತ್ತಿಸಿಕೊಂಡು ಕೊಪ್ಪಳದಿಂದ ಆನೆಗೊಂದಿಗೆ ಹೋಗಿದ್ದೆ. ಹನ್ನೊಂದರ ಹೊತ್ತಿಗೆ ಬಂಡೆ ಏರಿದೆವು. ಕೆಳಗೆ ಹೊಳೆ, ಪಕ್ಕದಲ್ಲಿ ಭತ್ತದ ಗದ್ದೆ, ಸುತ್ತ ಬೆಟ್ಟ. ಕರಿಯ ಒಂದು ಕಾಲು ಎತ್ತಿ ಇನ್ನೊಂದು ಕಾಲು ಊರುತ್ತಾ ಕುಣಿಯುತ್ತಿದ್ದ. ಖುಷಿಗೆ ಕುಣಿಯುತ್ತಿದ್ದಾನೆ ಅಂದುಕೊಂಡು ವಿಡಿಯೊ ಮಾಡಿದೆ. ಕುರಿ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ನಿಂತು ನೋಡಿದರು. “ತಮ್ಮಾ, ನಿನ್ನ ಕಾಲಾಗ ಬೂಟು ಅದಾವ. ಅದರ ಕಾಲಾಗ ಏನೈತಿ?” ಅಂದರು.

ಕರಿಯನ ಅಂಗಾಲು ಮಗುಚಿ ನೋಡಿದೆ. ಕಪ್ಪು ಚರ್ಮ ಸುಲಿದು ಒಳಗಿನ ಕೆಂಪು ಕಾಣುತ್ತಿತ್ತು. ಹತ್ತು ದಿನ ಕುಂಟಿದ. ಆ ವಿಡಿಯೊ ಇವತ್ತಿಗೂ ಯಾರಿಗೂ ತೋರಿಸಿಲ್ಲ.

ಆಮೇಲೆ ನಾಲ್ಕು ಸಲ ಹೋಗಿ ಬಂದಿದ್ದೇವೆ. ಎಲ್ಲವೂ ಅಜ್ಜನ ಆ ಮಾತಿನ ಲೆಕ್ಕದಲ್ಲೇ.

ತಿಂಗಳು ಮೊದಲು, ಜಾಗ ಆಮೇಲೆ

ನವೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಹೋಗಿ. ಫೆಬ್ರುವರಿ ಮೊದಲ ವಾರ ಬೇಕಾದರೆ ಸೇರಿಸಿಕೊಳ್ಳಿ. ಮಾರ್ಚ್ ಬಂದರೆ ಸುಮ್ನೆ ಮನೆಯಲ್ಲಿರಿ. ಏಪ್ರಿಲ್‌, ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಅದಕ್ಕಿಂತ ಕಷ್ಟ ಬಂಡೆಯದು. ಇಲ್ಲಿನ ಕಲ್ಲು ಹಗಲೆಲ್ಲ ರೊಟ್ಟಿ ಹಂಚಿನ ಹಾಗೆ ಕಾದು, ಹೊತ್ತು ಮುಳುಗಿದ ಮೇಲೂ ಬಿಸಿ ಬಿಡುತ್ತಲೇ ಇರುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು.

ಪರೀಕ್ಷೆ ಸುಲಭ. ಅಂಗೈ ಅಲ್ಲ, ಕೈಯ ಹಿಂಭಾಗವನ್ನು ಬಂಡೆಗೆ ಒತ್ತಿ ನಿಧಾನವಾಗಿ ಐದು ಎಣಿಸಿ. ಅಷ್ಟರೊಳಗೆ ಕೈ ಎತ್ತಬೇಕು ಅನಿಸಿದರೆ ನಾಯಿಯನ್ನು ಅದರ ಮೇಲೆ ನಡೆಸಬೇಡಿ. ಚಳಿಗಾಲದಲ್ಲೂ ನಾವು ಬೆಟ್ಟ ಹತ್ತುವುದು ಬೆಳಗ್ಗೆ ಒಂಬತ್ತರ ಒಳಗೆ, ಇಲ್ಲವೇ ಸಂಜೆ ಐದರ ನಂತರ. ನಡುವಿನ ಹೊತ್ತು ಮರದ ನೆರಳು, ನಿದ್ದೆ.

ಡಿಸೆಂಬರ್‌ನಲ್ಲಿ ಅಂಜನಾದ್ರಿಗೆ ಹನುಮಮಾಲೆ ಹಾಕಿದವರು ಸಾವಿರಾರು ಜನ ಬರುತ್ತಾರೆ. ಆ ವಾರ ತಪ್ಪಿಸಿ. ಬೇರೆ ದಿನಗಳಲ್ಲೂ ಆ 575 ಮೆಟ್ಟಿಲಿನ ಕಡೆ ನಾಯಿ ಕರೆದೊಯ್ಯಬೇಡಿ. ಕಿಷ್ಕಿಂಧೆ ಅಲ್ವಾ, ಅಲ್ಲಿ ಮಂಗಗಳದ್ದೇ ರಾಜ್ಯ. ಹಗ್ಗ ಕಟ್ಟಿದ ನಾಯಿ ಅವುಗಳ ಕೈಗೆ ಸಿಕ್ಕರೆ ಪಾಡು ಬೇಡ.

ಎಲ್ಲಿ ಇಳಿಯಬೇಕು?

ಹೊಳೆ ದಂಡೆಯಲ್ಲಿ ಚೆಂದ ಕಂಡ ಕಡೆ ಟೆಂಟ್ ಹೊಡೆಯುವುದು ಬೇಡವೇ ಬೇಡ. ಕಾರಣ ಒಂದಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಉದ್ದಕ್ಕೂ ನೀರುನಾಯಿಗಳ ಸಂರಕ್ಷಿತ ಪ್ರದೇಶ. 2015ರಲ್ಲಿ ಸರ್ಕಾರ ಘೋಷಿಸಿದ್ದು. ಹೆಸರಲ್ಲಿ ನಾಯಿ ಇದ್ದರೂ ಇವೆರಡಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ನಮ್ಮ ನಾಯಿಯ ಡಿಸ್ಟೆಂಪರ್‌ನಂಥ ರೋಗ ನೀರುನಾಯಿಗೂ ಅಂಟಬಹುದು. ಹಾಗಾಗಿ ಅಲ್ಲಿ ನಾಯಿಯನ್ನು ಬಿಚ್ಚಿ ಬಿಡಬಾರದು, ಅದರ ಹೇಲನ್ನು ದಂಡೆಯಲ್ಲಿ ಬಿಟ್ಟು ಬರಬಾರದು. ಮೀಸಲು ಅರಣ್ಯದಲ್ಲಿ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಇನ್ನು ದರೋಜಿ ಕರಡಿಧಾಮಕ್ಕೆ ಸಾಕುನಾಯಿ ಒಯ್ಯುವ ಯೋಚನೆಯೇ ಬೇಡ.

2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ದಂಡೆಯಲ್ಲಿ ರಾತ್ರಿ ಕುಳಿತಿದ್ದ ಪ್ರವಾಸಿಗರ ಮೇಲೆ ದುಷ್ಕರ್ಮಿಗಳು ನಡೆಸಿದ ದಾಳಿ ಯಾರೂ ಮರೆತಿಲ್ಲ. ನಾಯಿ ಇದೆ, ಕಾಯುತ್ತದೆ ಅಂತ ಧೈರ್ಯ ಮಾಡಬೇಡಿ.

ಹಾಗಾದರೆ ಎಲ್ಲಿ? ಅನುಮತಿ ಇರುವ ಹೋಮ್‌ಸ್ಟೇ ಅಂಗಳ, ಇಲ್ಲವೇ ಪರಿಚಯದ ರೈತರ ತೋಟ. ಫೋನ್ ಮಾಡಿದಾಗ ‘ನಾಯಿ ತರಬಹುದಾ’ ಅಂತ ಕೇಳಿ ಇಟ್ಟುಬಿಡಬೇಡಿ. ಎಲ್ಲರೂ ‘ಬರ್ರಿ, ಬರ್ರಿ’ ಅಂತಾರೆ. ನಿಮ್ಮಲ್ಲಿ ಎಷ್ಟು ನಾಯಿ ಇವೆ, ಕೋಳಿ ಕುರಿ ಇವೆಯಾ, ಬೇಲಿ ಇದೆಯಾ, ಮಧ್ಯಾಹ್ನ ನೆರಳು ಎಲ್ಲಿ ಬೀಳುತ್ತದೆ, ಇವನ್ನೆಲ್ಲ ಕೇಳಿ. ಗದ್ದೆಗೆ ಈ ವಾರ ಔಷಧಿ ಹೊಡೆದಿದ್ದೀರಾ, ಇಲಿ ಪಾಷಾಣ ಇಟ್ಟಿದ್ದೀರಾ ಅಂತಲೂ ಕೇಳಿ. ಗಂಗಾವತಿ ಸೀಮೆ ಭತ್ತದ ಕಣಜ. ಗದ್ದೆಯ ನೀರು ನಾಯಿ ಕುಡಿಯುವ ನೀರಲ್ಲ.

ಮೊದಲ ರಾತ್ರಿ ಮಾಳಿಗೆ ಮೇಲೆ

ಎರಡನೇ ಸಲ ಹೊರಡುವ ಮುಂಚೆ ನಮ್ಮ ಮಾಳಿಗೆ ಮೇಲೆ ಟೆಂಟ್ ಹಾಕಿದೆ. ಜಿಪ್ಪು ಸರ್ರ್ ಅಂದಿದ್ದೇ ತಡ, ಕರಿಯ ನೀರಿನ ಟ್ಯಾಂಕಿನ ಹಿಂದೆ ಓಡಿದ. ಇದೇ ಬೆಟ್ಟದ ಬುಡದಲ್ಲಿ ಆಗಿದ್ದರೆ? ಮರುದಿನ ಅವನ ಹಳೇ ಗೋಣಿತಟ್ಟು ಒಳಗೆ ಹಾಸಿ, ಅನ್ನದ ತಟ್ಟೆಯನ್ನೂ ಅಲ್ಲೇ ಇಟ್ಟೆ. ಮೂರನೇ ದಿನ ಜಿಪ್ಪು ಎಳೆದರೂ ಕಿವಿ ಅಲ್ಲಾಡಿಸಲಿಲ್ಲ. ನಾಲ್ಕೈದು ದಿನ ಇದಕ್ಕೆ ಕೊಡಿ. ‘ಬಾ’ ಅಂದರೆ ಬರುವುದನ್ನೂ ಆಗಲೇ ಕಲಿಸಿ.

ಪಶುವೈದ್ಯರ ಹತ್ತಿರ ಒಂದೂವರೆ ತಿಂಗಳ ಮೊದಲೇ ಹೋಗಿ. ರೇಬೀಸ್ ಲಸಿಕೆ ಜೊತೆ ಇಲಿಜ್ವರದ ಲಸಿಕೆಯೂ ಆಗಿದೆಯಾ ನೋಡಿಸಿ. ಇಲಿ ಉಚ್ಚೆ ಬೆರೆತ ನೀರಿನಿಂದ ಬರುವ ರೋಗ ಅದು, ಗದ್ದೆ ಸೀಮೆಯಲ್ಲಿ ಬೇಕೇ ಬೇಕು. ಮೊದಲ ಸಲ ಹಾಕಿಸುವುದಾದರೆ ಎರಡು ಡೋಸ್, ನಡುವೆ ಮೂರು ನಾಲ್ಕು ವಾರ. ರಕ್ತ ಹೀರುವ ಉಣ್ಣೆ ಹತ್ತದಂತೆ ಮಾತ್ರೆಯನ್ನೂ ಕೇಳಿ ಪಡೆಯಿರಿ.

ಚೀಲದಲ್ಲಿ ಏನಿರಬೇಕು ಅನ್ನುವುದಕ್ಕೆ ದೊಡ್ಡ ಪಟ್ಟಿ ಬೇಕಿಲ್ಲ. ನೀರು ಮುಖ್ಯ. ನಾಯಿಯ ತೂಕದ ಪ್ರತಿ ಕಿಲೋಗೆ ದಿನಕ್ಕೆ 50ರಿಂದ 60 ಮಿಲಿಲೀಟರ್ ಸಾಮಾನ್ಯ ಲೆಕ್ಕ. ಓಡಾಟ ಇದ್ದರೆ ದುಪ್ಪಟ್ಟು ಇಟ್ಟುಕೊಳ್ಳಿ. 20 ಕಿಲೋ ನಾಯಿಗೆ ದಿನಕ್ಕೆ ಎರಡೂವರೆ ಲೀಟರ್ ಒಯ್ದರೆ ನಿಶ್ಚಿಂತೆ. ಫೋನ್ ನಂಬರ್ ಬರೆದ ಕೊರಳಪಟ್ಟಿ, ಗಟ್ಟಿ ಹಗ್ಗ, ಟಾರ್ಚ್, ಚಿಮಟ, ಬ್ಯಾಂಡೇಜ್, ಲಸಿಕೆ ಚೀಟಿ ಇರಲಿ. ತಿನ್ನಲು ಮನೆಯದೇ ಊಟ. ದಾರಿಯಲ್ಲಿ ಮಂಡಕ್ಕಿ ವಗ್ಗರಣಿ, ಮಿರ್ಚಿ ಕಟ್ಟಿಸಿಕೊಳ್ಳುವುದು ನಮಗೆ ರೂಢಿ. ಅದರಲ್ಲಿ ಒಂದು ತುತ್ತನ್ನೂ ನಾಯಿಗೆ ಹಾಕಬೇಡಿ. ಉಳ್ಳಾಗಡ್ಡಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ.

ಹೊಳೆ ನೋಡಲು ಮಾತ್ರ

ಇದನ್ನು ಹೇಳಿದರೆ ಬೇಜಾರಾಗುತ್ತದೆ, ಆದರೂ ಹೇಳುತ್ತೇನೆ. ನಾಯಿಯನ್ನು ಹೊಳೆಗೆ ಇಳಿಸಬೇಡಿ. ತುಂಗಭದ್ರೆಯಲ್ಲಿ ಮೊಸಳೆಗಳಿವೆ. ದಂಡೆಯಲ್ಲಿ ನೀರು ಕುಡಿಯಲು ಬಗ್ಗಿದ ನಾಯಿ ಅದಕ್ಕೆ ಸುಲಭದ ತುತ್ತು. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಮೊಣಕಾಲುದ್ದ ಇದ್ದ ಹೊಳೆ ನೋಡುತ್ತಿದ್ದಂತೆ ಏರುತ್ತದೆ. ಬಂಡೆಗಳ ನಡುವಿನ ಸೆಳೆತಕ್ಕೆ ಈಜು ಬಲ್ಲವರೇ ಸಿಕ್ಕಿ ಸತ್ತಿದ್ದಾರೆ. ಕಾಲುವೆ ಇನ್ನೂ ಮೋಸ. ಅದರ ಇಳಿಜಾರಿನ ಗೋಡೆ ನಯವಾಗಿರುತ್ತದೆ, ಬಿದ್ದ ನಾಯಿಗೆ ಉಗುರು ಊರಲು ಜಾಗವಿಲ್ಲ. ನಿಂತ ನೀರು ಹಸಿರು ಬಣ್ಣ ಹಾಕಿದಂತೆ ಕಂಡರೆ ಹತ್ತಿರವೂ ಬಿಡಬೇಡಿ, ಆ ಪಾಚಿ ವಿಷವಾಗಿರಬಹುದು. ಬಕೆಟ್‌ನಲ್ಲಿ ನೀರು ತುಂಬಿ ಹೊಟ್ಟೆ, ಕಾಲಿಗೆ ಎರಚಿ. ಕರಿಯನಿಗೆ ಅಷ್ಟೇ ಸಾಕು.

ನಾಯಿ ವಿಪರೀತ ಏದುಸಿರು ಬಿಟ್ಟು, ವಸಡು ಕಡುಕೆಂಪಾಗಿ, ತೂರಾಡಿದರೆ ಬಿಸಿಲು ಹೊಡೆದಿದೆ ಎಂದರ್ಥ. ನೆರಳಿಗೆ ಎಳೆದು ತಣ್ಣೀರು ಸುರಿಯುತ್ತಾ ಗಾಳಿ ಬೀಸಿ, ಹಾಗೇ ಗಂಗಾವತಿಯ ಪಶು ಆಸ್ಪತ್ರೆಗೆ ಕಾರು ತಿರುಗಿಸಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಮೊದಲೇ ಫೋನ್‌ನಲ್ಲಿ ಇರಲಿ.

ಹೊತ್ತು ಮುಳುಗಿದ ಮೇಲೆ

ಈ ಬೆಟ್ಟಗಳಲ್ಲಿ ಚಿರತೆ, ಕರಡಿ ಎರಡೂ ಇವೆ. ಚಿರತೆಗೆ ನಾಯಿ ಅಂದರೆ ಬಲು ಇಷ್ಟ. ಆದ್ದರಿಂದ ರಾತ್ರಿ ನಾಯಿಯನ್ನು ಹೊರಗೆ ಗೂಟಕ್ಕೆ ಕಟ್ಟುವಂತಿಲ್ಲ. ನಿಮ್ಮ ಜೊತೆ ಒಳಗೇ ಮಲಗಬೇಕು, ಜಿಪ್ಪು ಪೂರ್ತಿ ಮುಚ್ಚಿರಬೇಕು. ಉಳಿದ ಅನ್ನ, ಮೂಳೆ ಕಾರಿನೊಳಗೆ. ಉಚ್ಚೆಗೆ ಹೊರಗೆ ಬಿಡುವಾಗ ಹಗ್ಗ ಕೈಯಲ್ಲಿ, ಟಾರ್ಚ್ ಬೆಳಕು ನೆಲದ ಮೇಲೆ. ಕಲ್ಲಿನ ಸಂದಿಯಲ್ಲಿ ಹಾವು ಇರುತ್ತದೆ, ನಾಯಿ ಮೂಗು ತೂರಿಸುವುದೂ ಅಲ್ಲೇ. ಕಚ್ಚಿದರೆ ಕೊಯ್ಯುವುದು, ಕಟ್ಟು ಬಿಗಿಯುವುದು ಬೇಡ. ಎತ್ತಿಕೊಂಡು ಆಸ್ಪತ್ರೆಗೆ ಓಡಿ. ನಮಗೆ ಕೊಡುವ ಪ್ರತಿವಿಷವೇ ನಾಯಿಗೂ ಆಗುತ್ತದೆ.

ಒಂದು ರಾತ್ರಿ ಎರಡು ಗಂಟೆಗೆ ಕರಿಯ ಬೊಗಳಲಿಲ್ಲ. ನನ್ನ ಕಂಬಳಿಯೊಳಗೆ ತೂರಿ ನಡುಗಿದ. ಹೊರಗೆ ಏನಿತ್ತೋ, ನಾನು ಜಿಪ್ಪು ತೆಗೆದು ನೋಡಲಿಲ್ಲ. ನೀವೂ ನೋಡಬೇಡಿ.

ಮನೆಗೆ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣೆ ಹುಡುಕಿ. ಸಿಕ್ಕರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ, ತಿರುಚಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ಉಣ್ಣೆ ಜ್ವರ ಕಾಣಿಸಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಊಟ ಬಿಟ್ಟು ಮೂಲೆ ಹಿಡಿದರೆ ತಡ ಮಾಡಬೇಡಿ. ಉಣ್ಣೆ ಸಿಕ್ಕ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ, ಡಾಕ್ಟರು ಕೇಳಿದಾಗ ಬೇಕಾಗುತ್ತದೆ.