ಗೀಸರ್ ಸೋರಿತು, ಡೀಲರ್ ಜಾರಿದ: ಕಂಪನಿಯನ್ನು ಹಿಡಿಯುವುದು ಹೇಗೆ?

ಹಂಡೆ ಒಲೆಯ ಕಾಲದಲ್ಲಿ ಈ ತಲೆನೋವು ಇರಲಿಲ್ಲ. ಮಡಲು, ತೆಂಗಿನ ಸಿಪ್ಪೆ ತುರುಕಿದರೆ ನೀರು ಕಾಯುತ್ತಿತ್ತು. ಈಗ ಬಚ್ಚಲಲ್ಲಿ ಗೀಸರ್, ತಾರಸಿಯಲ್ಲಿ ಸೋಲಾರ್. ಕೆಟ್ಟರೆ ಡೀಲರ್ "ಕಂಪನಿಯವರಿಗೆ ಹೇಳಿ" ಅನ್ನುತ್ತಾನೆ, ಕಂಪನಿಯವರು "ಡೀಲರ್ ಹತ್ತಿರ ಮಾತಾಡಿ" ಅನ್ನುತ್ತಾರೆ. ಕಾಪು, ಸುರತ್ಕಲ್ ಕಡೆಯ ಪರಿಚಯದವರಿಗೆ ಇಂಥ ನಾಲ್ಕೈದು ದೂರು ಬರೆದುಕೊಟ್ಟಿದ್ದೇನೆ. ಎಲ್ಲರೂ ಎಡವಿದ್ದು ಒಂದೇ ಕಡೆ: ತಿಂಗಳುಗಟ್ಟಲೆ ಅಂಗಡಿಗೆ ಅಲೆದಿದ್ದರು, ಕಂಪನಿಗೆ ಒಂದು ಸಾಲೂ ಬರೆದಿರಲಿಲ್ಲ.

1. ಬಿಲ್ ತೆಗೆದುಕೊಳ್ಳಿ. "ಬಿಲ್ ಬೇಡದಿದ್ದರೆ ಕಮ್ಮಿ ಮಾಡಿಕೊಡ್ತೇವೆ" ಎಂದರೆ ಅಲ್ಲಿಂದ ಎದ್ದು ಬನ್ನಿ. ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ.

2. ಫಿಟ್ಟಿಂಗ್ ದಿನ ಫೋಟೊ ತೆಗೆಯಿರಿ. ರಟ್ಟಿನ ಪೆಟ್ಟಿಗೆ ಗುಜರಿಗೆ ಹೋಗುವ ಮೊದಲು ಅದರ ಮೇಲಿನ ತಯಾರಕರ ಹೆಸರು, ವಿಳಾಸ, ಗ್ರಾಹಕ ಸೇವಾ ನಂಬರ್, ಆಮೇಲೆ ಟ್ಯಾಂಕಿನ ಸೀರಿಯಲ್ ನಂಬರ್. ನಮ್ಮ ಕರಾವಳಿಗೆ ಇನ್ನೊಂದು ಕೆಲಸವಿದೆ. ಸಮುದ್ರದ ಬದಿಯ ಎಷ್ಟೋ ಬಾವಿ, ಬೋರ್‌ವೆಲ್‌ಗಳಲ್ಲಿ ಬೇಸಗೆಗೆ ಉಪ್ಪು ನೀರು. ಉಪ್ಪು ನೀರು, ಗಡಸು ನೀರಿಗೆ ವಾರಂಟಿ ಇಲ್ಲ ಎಂಬ ಸಾಲು ಹಲವು ಕಾರ್ಡ್‌ಗಳ ಹಿಂದೆ ಸಣ್ಣಕ್ಷರದಲ್ಲಿರುತ್ತದೆ. ಟ್ಯಾಂಕ್ ತೂತಾದ ದಿನ ಅದು ದೊಡ್ಡಕ್ಷರವಾಗುತ್ತದೆ. ಹಾಗಾಗಿ "ಬೋರ್‌ವೆಲ್ ನೀರಿಗೆ" ಎಂದು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಡೀಲರ್ ತಕರಾರು ಮಾಡಿದರೆ ಆ ಮಾಡೆಲ್ ನಿಮ್ಮ ಮನೆಗಲ್ಲ. ಸೇಫ್ಟಿ ವಾಲ್ವ್‌ನಿಂದ ಹನಿ ಬೀಳುತ್ತದೆಂದು ಅದರ ಬಾಯಿ ಮುಚ್ಚುವ ಫಿಟ್ಟರ್‌ಗಳೂ ಇದ್ದಾರೆ. ಬಿಡಬೇಡಿ, ಒಳಗಿನ ಒತ್ತಡ ಹೊರಹೋಗಲು ಇರುವ ದಾರಿ ಅದು.

3. ಕಂಪನಿಗೆ ಪತ್ರ. ಎಲ್ಲ ಕೆಡುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಮೊದಲು ತಪ್ಪು ಯಾರದೆಂದು ಬೇರೆ ಮಾಡಿಕೊಳ್ಳಿ. ವಾರಂಟಿ ಅವಧಿಯಲ್ಲೇ ಟ್ಯಾಂಕ್ ಸೋರಿದರೆ ಅದು ಕಂಪನಿಯೇ ಕೊಟ್ಟ ಮಾತು, ಡೀಲರ್ ಅಂಗಡಿ ಮುಚ್ಚಿ ಹೋದರೂ ಆ ಮಾತು ಉಳಿಯುತ್ತದೆ. "ಆಟಿಯ ಮಳೆಯಲ್ಲೂ ಸೋಲಾರ್ ನೀರು ಸುಡ್ತದೆ" ಎಂದು ಡೀಲರ್ ತನ್ನಷ್ಟಕ್ಕೆ ಹೇಳಿದ್ದರೆ ಅದರ ಭಾರ ಮೊದಲು ಅವನ ತಲೆಗೆ. (ಸುಡುವುದಿಲ್ಲ ಮಾರಾಯ್ರೆ, ಮೋಡವಿದ್ದರೆ ಕರೆಂಟಿನ ಬ್ಯಾಕಪ್ ಬೇಕೇ ಬೇಕು.) ಕಷ್ಟವಿರುವುದು ಮೂರನೆಯದರಲ್ಲಿ: ಡೀಲರ್ ಹಳೇ ಮಾಲನ್ನು ಹೊಸದೆಂದು ಕೊಟ್ಟ, ಇಲ್ಲವೇ ಅವನು ಕಳಿಸಿದ ಹುಡುಗ ಫಿಟ್ಟಿಂಗ್ ಕೆಡಿಸಿದ.

ಆಗ ಕಂಪನಿಯ ಉತ್ತರ ಸಿದ್ಧವಿರುತ್ತದೆ: "ನಮ್ಮದು ಪ್ರಿನ್ಸಿಪಲ್ ಟು ಪ್ರಿನ್ಸಿಪಲ್ ಸಂಬಂಧ." ಅಂದರೆ ಮಾಲು ಡೀಲರಿಗೆ ಮಾರಿ ಆಯಿತು, ಮುಂದಿನದು ಅವನ ವ್ಯಾಪಾರ. ಇದು ಬರೀ ನೆಪವಲ್ಲ. 2009ರಲ್ಲಿ ತಯಾರಾದ ಕಾರನ್ನು 2011ರಲ್ಲಿ ಹೊಸದೆಂದು ಮಾರಿದ ಗೋವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಟಾಟಾ ಮೋಟರ್ಸನ್ನು ಹೊಣೆಯಿಂದ ಬಿಟ್ಟಿತು. ಡೀಲರನ ಕೆಲಸ ಕಂಪನಿಗೆ ಗೊತ್ತಿತ್ತೆಂದು ಗ್ರಾಹಕ ತೋರಿಸಿರಲಿಲ್ಲ.

ಆದ್ದರಿಂದ ಡೀಲರಿಗೂ ಕಂಪನಿಗೂ ಇರುವ ನಂಟನ್ನು ನೀವು ತೋರಿಸಬೇಕು. 1872ರ ಕರಾರು ಕಾಯ್ದೆಯ 237ನೇ ಕಲಂ ಹೇಳುವುದಿಷ್ಟು: ಏಜೆಂಟ್ ಅಧಿಕಾರ ಮೀರಿದರೂ, ಅವನಿಗೆ ಅಧಿಕಾರವಿದೆ ಎಂದು ಧಣಿಯೇ ಮಾತಿನಿಂದಲೋ ನಡತೆಯಿಂದಲೋ ಜನರನ್ನು ನಂಬಿಸಿದ್ದರೆ ಧಣಿ ಬದ್ಧ. ಡೀಲರ್ ನಮ್ಮ ಏಜೆಂಟೇ ಅಲ್ಲ ಎಂದು ಕಂಪನಿ ವಾದಿಸುತ್ತದೆ. ಅದಕ್ಕೆ ಉತ್ತರವಾಗುವ ಕಾಗದಗಳು ಇವು: ಅಂಗಡಿಯ "ಅಧಿಕೃತ ಡೀಲರ್" ಬೋರ್ಡಿನ ಫೋಟೊ, ಕಂಪನಿ ವೆಬ್‌ಸೈಟಿನ ಡೀಲರ್ ಪಟ್ಟಿಯ ಸ್ಕ್ರೀನ್‌ಶಾಟ್, ವಾರಂಟಿ ಕಾರ್ಡ್ ಮೇಲಿನ ಡೀಲರ್ ಸೀಲು, ಫಿಟ್ಟರ್‌ನ ಜಾಬ್ ಶೀಟ್ (ಮಾಡಿದ ಕೆಲಸ ಬರೆದ ಚೀಟಿ), ಕಂಪನಿಯಿಂದ ಬಂದ ಎಸ್ಸೆಮ್ಮೆಸ್. ಬೋರ್ಡಿನ ಫೋಟೊವನ್ನು ಜಗಳಕ್ಕೆ ಮೊದಲೇ ತೆಗೆಯಿರಿ.

ಪತ್ರ ಒಂದು ಪುಟ ಸಾಕು. ಖರೀದಿ ದಿನಾಂಕ, ಸೀರಿಯಲ್ ನಂಬರ್, ಏನಾಯಿತು, ಏನು ಬೇಕು. ಕೊನೆಗೆ ಈ ಸಾಲು ಇರಲಿ: "ನಿಮ್ಮ ಅಧಿಕೃತ ಡೀಲರ್‌ನ ಈ ನಡತೆಯನ್ನು ಇಂದು ನಿಮ್ಮ ಗಮನಕ್ಕೆ ತಂದಿದ್ದೇನೆ; 15 ದಿನದೊಳಗೆ ಉತ್ತರಿಸಿ." ಆ ದಿನದಿಂದ ಮುಂದಕ್ಕೆ "ನಮಗೆ ಗೊತ್ತಿರಲಿಲ್ಲ" ಎನ್ನಲು ಅವರಿಗೆ ಬಾಯಿಲ್ಲ. ಸ್ಪೀಡ್ ಪೋಸ್ಟ್, ಇ-ಮೇಲ್ ಎರಡೂ ಮಾಡಿ, ಅದರ ನಕಲು ಡೀಲರಿಗೂ ಹೋಗಲಿ. ವಾಟ್ಸ್ಆ್ಯಪ್ ಮಾತ್ರ ನಂಬಬೇಡಿ; ಡಿಲೀಟ್ ಮಾಡಿ ಕೂತವರನ್ನು ನೋಡಿದ್ದೇನೆ. ವಕೀಲರ ನೋಟಿಸ್ ಈಗಲೇ ಬೇಡ, ಸುಮ್ಮನೆ ಖರ್ಚು.

4. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

5. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಖರೀದಿ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ಗಡುವು ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ. ಕಂಪನಿ, ಡೀಲರ್ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಯಾರ ಪಾಲು ಯಾವುದೆಂದು ಬೇರೆ ಬೇರೆ ಬರೆಯಿರಿ. "ಉತ್ಪನ್ನ ಹೊಣೆಗಾರಿಕೆ" ಎಂಬ ಭಾರೀ ಪದ ಎಲ್ಲ ಕಡೆ ತುರುಕಬೇಡಿ. ಅದು ಶಾಕ್ ಹೊಡೆದದ್ದು, ಮೈ ಸುಟ್ಟದ್ದು ಇಂಥ ಹಾನಿಗೆ. ಗೀಸರಿನ ಹಣವಷ್ಟೇ ಬೇಕಿದ್ದರೆ "ದೋಷ", "ಸೇವಾ ನ್ಯೂನತೆ" ಸಾಕು.

ಸೋರಿದ ಟ್ಯಾಂಕನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ. ಆಯೋಗ ಅದನ್ನು ಲ್ಯಾಬ್ ಪರೀಕ್ಷೆಗೆ ಕೇಳಬಹುದು. ಹಳೇ ಹಂಡೆಯ ಪಕ್ಕ ಜಾಗವಿದ್ದರೆ ಅಲ್ಲೇ ಇರಲಿ.